ಮಗನಿಗೆ ಚಿಟ್ಟಿ ಹುಚ್ಚು, ಏನು ಮಾಡಲಿ?

ಪ್ರಶ್ನೆ: ನಾವು ಹಾಸನದವರು. ಮಗ ಈಗ 9ನೇ ತರಗತಿ. ರಜನಿಕಾಂತ್ ಅವರ 'ಎಂದಿರನ್' ನೋಡಿದ ಮೇಲೆ ಅವನಿಗೆ ಬೇರೆ ಲೋಕವೇ ಇಲ್ಲ. ತೆಲುಗಿನಲ್ಲಿ ನೋಡಿದ, ಹಿಂದಿಯಲ್ಲಿ ನೋಡಿದ, ಈಗ ತಮಿಳು ಡೈಲಾಗ್ ಎಲ್ಲ ಬಾಯಿಪಾಠ. ಅದರಲ್ಲಿ ಬರುವ ಚಿಟ್ಟಿ ಥರ ರೋಬೋ ಮಾಡ್ತೀನಿ ಅಂತ ಹಳೇ ಮಿಕ್ಸಿ, ಚಾರ್ಜರ್, ಆಟದ ಕಾರು ಎಲ್ಲ ಬಿಚ್ಚಿ ಹರಡಿಕೊಂಡಿದ್ದ. ಹೋದ ತಿಂಗಳು ಹಳೇ ಮೊಬೈಲ್ ಬ್ಯಾಟರಿಗೆ ವೈರ್ ಬೆಸುಗೆ ಹಾಕಲು ಹೋಗಿ ಹೊಗೆ ಬಂತು. ಬ್ಯಾಟರಿ ಉಬ್ಬಿಕೊಂಡಿದೆ. ಗಾಬರಿಯಾಗಿ ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವತ್ತಿನಿಂದ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಸಿನಿಮಾದ ಕೊನೆಯಲ್ಲಿ 2030 ಅಂತ ಬರುತ್ತೆ, ಅಷ್ಟರೊಳಗೆ ಚಿಟ್ಟಿ ನಿಜವಾಗಿ ಬಂದೇ ಬರ್ತಾನೆ, ಆಮೇಲೆ ಓದಿ ಏನು ಪ್ರಯೋಜನ ಅಂತಾನೆ. ನಮ್ಮ ಯಜಮಾನರು ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾಗೆ ಹಾಕೋಣ ಅಂತಾರೆ, ನನಗೆ ಪಿಯುಸಿ ಓದಲಿ ಅಂತ ಆಸೆ. ಇಲ್ಲಿಯ ಒಂದು ಸೆಂಟರ್‌ನವರು ರೋಬೋಟಿಕ್ಸ್ ಕ್ಲಾಸಿಗೆ ವರ್ಷಕ್ಕೆ 30 ಸಾವಿರ ಕೇಳುತ್ತಿದ್ದಾರೆ. ಸಿನಿಮಾದಲ್ಲಿ ತೋರಿಸೋದು ಎಷ್ಟು ನಿಜ? ರೋಬೋ ಹಾಗೆ ಮನುಷ್ಯರ ಮೇಲೆ ತಿರುಗಿಬೀಳುತ್ತಾ? ಈ ಹುಚ್ಚು ಬಿಡಿಸೋದು ಹೇಗೆ?

ಉತ್ತರ: ಮೊದಲು ಆ ಬ್ಯಾಟರಿ. ಇವತ್ತೇ ಅದನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಬಟ್ಟೆ, ಪೇಪರ್, ಮರದ ನಡುವೆ ಇಡಬಾರದು. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಸರಿ ಇದೆಯಾ ನೋಡೋಣ ಅಂತ ಚಾರ್ಜ್‌ಗೆ ಹಾಕಲೇಬೇಡಿ. ಒಂದು ತಗಡಿನ ಡಬ್ಬಿಗೆ ಒಣ ಮರಳು ಹಾಕಿ, ಅದರೊಳಗಿಟ್ಟು, ಮನೆಯ ಹೊರಗೆ ಬಿಸಿಲು ತಾಗದ ಜಾಗದಲ್ಲಿಡಿ. ಆಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಸದ ಗಾಡಿಗೆ ಹಾಕಬೇಡಿ. ಗಾಡಿಯಲ್ಲಿ ಜಜ್ಜಿದರೆ ಬೆಂಕಿ ಹತ್ತಬಹುದು. ಇದನ್ನು ಮಾಡಿ ಬಂದು ಉಳಿದದ್ದನ್ನು ಓದಿ.

ನಾನು ಕಾರ್ಖಾನೆಗಳಲ್ಲಿ ರೋಬೋಟ್ ಕೂರಿಸುವ, ಅವಕ್ಕೆ ಪ್ರೋಗ್ರಾಂ ಬರೆಯುವ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಈಗ ಎಂಜಿನಿಯರಿಂಗ್ ಮಕ್ಕಳಿಗೆ ಅದನ್ನೇ ಪಾಠ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಮೂರು ಬೇರೆ ಬೇರೆ ಭಯ ಕಂಡವು. ಮಗ ಸಿನಿಮಾವನ್ನೇ ನಿಜ ಅಂದುಕೊಂಡು ಓದು ಬಿಡುತ್ತಾನೆ ಅನ್ನುವುದು ಒಂದು. ಕೈಗೆ ಸಿಕ್ಕಿದ್ದನ್ನು ಬಿಚ್ಚಿ ಜೀವಕ್ಕೆ ಅಪಾಯ ತಂದುಕೊಳ್ಳುತ್ತಾನೆ ಅನ್ನುವುದು ಇನ್ನೊಂದು. ಮುಂದೆ ಯಾವ ದಾರಿ ಹಿಡಿಸಬೇಕು ಅನ್ನುವುದು ಮೂರನೆಯದು. ಇವುಗಳಲ್ಲಿ ನಿಜವಾಗಿ ತುರ್ತಿನದು ಎರಡನೆಯದು ಮಾತ್ರ. ಮೊದಲನೆಯದಕ್ಕೆ ಮದ್ದು ಆ ಸಿನಿಮಾದಲ್ಲೇ ಇದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಸಾಧ್ಯವಾದರೆ ಮಗನಿಗೂ ಓದಿಸಿ.

'ಎಂದಿರನ್' ಬಂದದ್ದು 2010ರ ಅಕ್ಟೋಬರ್ 1ರಂದು. ನಿರ್ದೇಶನ ಶಂಕರ್. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಸ್ಪೆಷಲ್ ಎಫೆಕ್ಟ್ಸ್ ಮತ್ತು ಕಲಾ ವಿನ್ಯಾಸ ಎರಡಕ್ಕೂ ಅದಕ್ಕೇ ಪ್ರಶಸ್ತಿ ಬಂತು. ಕನ್ನಡದಲ್ಲೂ ಅದಕ್ಕೂ ಮೊದಲೇ, 2002ರ 'ಹಾಲಿವುಡ್'ನಲ್ಲಿ ಉಪೇಂದ್ರ ರೋಬೋ ಆಗಿ ಕಾಣಿಸಿಕೊಂಡಿದ್ದರು. ಆದರೆ ಇಡೀ ದೇಶದ ಮಕ್ಕಳ ತಲೆಯಲ್ಲಿ ರೋಬೋ ಅಂದರೆ ಹೀಗೇ ಇರಬೇಕು ಅಂತ ಅಚ್ಚೊತ್ತಿದ್ದು ಚಿಟ್ಟಿ. ನನ್ನ ತರಗತಿಗೆ ಬರುವ ಹುಡುಗರಲ್ಲಿ ಅನೇಕರು ಈ ದಾರಿಗೆ ಬಂದದ್ದು ಆ ಸಿನಿಮಾ ನೋಡಿಯೇ. ಹಾಗಾಗಿ ಆ ಹುಚ್ಚಿನ ಬಗ್ಗೆ ನನಗೆ ಗೌರವವಿದೆ.

ತೆರೆಯ ಮೇಲೆ ಕಂಡ ಚಿಟ್ಟಿ ಏನು ಅಂತ ಮಗನಿಗೆ ಗೊತ್ತಾ? ಕೇಳಿ ನೋಡಿ. ಹೆಚ್ಚಿನ ಕಡೆ ಮೇಕಪ್ ಹಾಕಿದ ರಜನಿಕಾಂತ್. ಕೆಲವು ಕಡೆ ಡ್ಯೂಪ್ ಕಲಾವಿದರು. ಕೆಲವು ಕಡೆ ಅಮೆರಿಕದ ಲೆಗಸಿ ಎಫೆಕ್ಟ್ಸ್ ಅನ್ನುವ ಸ್ಟುಡಿಯೋ ಮಾಡಿಕೊಟ್ಟ ಗೊಂಬೆ, ಅದನ್ನು ಹಿಂದೆ ನಿಂತು ಆಡಿಸುವವರು. ಉಳಿದದ್ದು ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ. ಅಂದರೆ ಚಿಟ್ಟಿ ಹೆಜ್ಜೆ ಇಟ್ಟಾಗಲೆಲ್ಲ ಅದರೊಳಗೆ ಒಬ್ಬ ಮನುಷ್ಯನೋ, ಒಬ್ಬ ಚಿತ್ರಕಾರನೋ ಇದ್ದಾನೆ. ಇದನ್ನು ಹೇಳಿದರೆ ಮಗನ ಆಸೆಗೆ ತಣ್ಣೀರು ಎರಚಿದಂತೆ ಆಗುತ್ತೆ ಅಂತ ಅಂಜಬೇಡಿ. ಈ ವಯಸ್ಸಿನ ಮಕ್ಕಳಿಗೆ ಹಿಂದಿನ ಕೈಚಳಕ ತಿಳಿದರೆ ಕುತೂಹಲ ಜಾಸ್ತಿಯೇ ಆಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಿನಿಮಾದಲ್ಲಿ ಯಾವುದನ್ನು ದೊಡ್ಡ ಪವಾಡದ ಹಾಗೆ ತೋರಿಸಿದ್ದಾರೋ ಅದರಲ್ಲಿ ಬಹುಪಾಲು ಈಗ ಮಾಮೂಲಿ. ಯಾವುದನ್ನು ಗಮನಿಸದೆ ದಾಟಿಬಿಡುತ್ತೇವೋ ಅದೇ ನಮ್ಮ ಕಸುಬಿನವರ ನಿದ್ದೆ ಕೆಡಿಸುವ ಕೆಲಸ.

ಚಿಟ್ಟಿ ಪುಸ್ತಕದ ರಾಶಿಯನ್ನು ಕಣ್ಣಲ್ಲೇ ಸ್ಕ್ಯಾನ್ ಮಾಡಿ ಓದಿಬಿಡುತ್ತದೆ. ಥಿಯೇಟರಿನಲ್ಲಿ ಚಪ್ಪಾಳೆ. ಇವತ್ತು ನಿಮ್ಮ ಮೊಬೈಲ್ ಕ್ಯಾಮೆರಾ ಪುಟದ ಅಕ್ಷರ ಓದುತ್ತದೆ, ಬೇರೆ ಭಾಷೆಗೆ ತಿರುಗಿಸುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಹೇಳುವ ಪ್ರೋಗ್ರಾಂ ಮಗನ ಕೈಯಲ್ಲೇ ಇದೆ. ಆದರೆ ಅದೇ ಚಿಟ್ಟಿ ಮೆಟ್ಟಿಲು ಇಳಿಯುತ್ತದೆ, ಬಾಗಿಲು ತೆರೆಯುತ್ತದೆ, ಅಡುಗೆಮನೆಯಲ್ಲಿ ಕೈಯಾಡಿಸುತ್ತದೆ. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನಾನು ತಟ್ಟುತ್ತೇನೆ!

ಹಾನ್ಸ್ ಮೊರಾವೆಕ್ ಅನ್ನುವ ರೋಬೋಟಿಕ್ಸ್ ತಜ್ಞರು 1988ರಷ್ಟು ಹಿಂದೆಯೇ ಇದನ್ನು ಬರೆದಿದ್ದರು. ದೊಡ್ಡವರು ಬರೆಯುವ ಪರೀಕ್ಷೆ, ಚದುರಂಗದಂಥ ಆಟ, ಇವನ್ನು ಯಂತ್ರಕ್ಕೆ ಕಲಿಸುವುದು ಸುಲಭ. ಒಂದು ವರ್ಷದ ಮಗುವಿನ ನೋಟ, ನಡಿಗೆ ಕಲಿಸುವುದು ಬಹಳ ಕಷ್ಟ. 1997ರಲ್ಲಿ ಡೀಪ್ ಬ್ಲೂ ಅನ್ನುವ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಚೆಸ್‌ನಲ್ಲಿ ಸೋಲಿಸಿತು. 2016ರಲ್ಲಿ ಆಲ್ಫಾಗೋ ಅನ್ನುವ ಪ್ರೋಗ್ರಾಂ ಇನ್ನೂ ಕಷ್ಟದ ಗೋ ಆಟದಲ್ಲಿ ಚಾಂಪಿಯನ್ ಲೀ ಸೆಡೋಲ್ ಅವರನ್ನು ಸೋಲಿಸಿತು. ಎರಡೂ ಆಟದ ಫೋಟೋ ಹುಡುಕಿ ಮಗನಿಗೆ ತೋರಿಸಿ. ಕಂಪ್ಯೂಟರಿನ ಪರವಾಗಿ ಕಾಯಿ ನಡೆಸುತ್ತಾ ಕೂತವನು ಮನುಷ್ಯ. ಜಗತ್ತಿನ ಅತಿ ದೊಡ್ಡ ಆಟಗಾರನನ್ನು ಸೋಲಿಸುವ ಪ್ರೋಗ್ರಾಂಗೆ ಕಾಯಿ ಎತ್ತಿಡಲು ಕೈ ಇರಲಿಲ್ಲ.

ಕೈ ಯಾಕೆ ಅಷ್ಟು ಕಷ್ಟ ಅನ್ನುವುದಕ್ಕೆ ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಕೊಡುವ ಕೆಲಸ ನಂದಿನಿ ಹಾಲಿನ ಪ್ಯಾಕೆಟ್. ಟ್ರೇಯಿಂದ ಒಂದು ಪ್ಯಾಕೆಟ್ ಎತ್ತಿ ಪಾತ್ರೆಯಲ್ಲಿಡಬೇಕು, ಅಷ್ಟೇ. ಪ್ಯಾಕೆಟ್‌ಗೆ ಒಂದು ಆಕಾರ ಇಲ್ಲ, ಹಿಡಿದ ಕಡೆ ತಗ್ಗುತ್ತದೆ, ಇನ್ನೊಂದು ಕಡೆ ಉಬ್ಬುತ್ತದೆ. ಫ್ರಿಜ್ಜಿನಿಂದ ಬಂದದ್ದರಿಂದ ಮೈ ಮೇಲೆ ನೀರಿನ ಹನಿ, ಜಾರುತ್ತದೆ. ಪ್ಲಾಸ್ಟಿಕ್ ಹೊಳೆಯುವುದರಿಂದ ಕ್ಯಾಮೆರಾಗೆ ಅಂಚು ಸರಿಯಾಗಿ ಕಾಣುವುದಿಲ್ಲ. ಗ್ರಿಪ್ಪರ್, ಅಂದರೆ ರೋಬೋಟ್‌ನ ಹಿಡಿಯುವ ಕೈ, ಬಿಗಿ ಮಾಡಿದರೆ ಪ್ಯಾಕೆಟ್ ಒಡೆಯುತ್ತದೆ, ಸಡಿಲ ಮಾಡಿದರೆ ಬೀಳುತ್ತದೆ. ನೀವು ಬೆಳಿಗ್ಗೆ ನಿದ್ದೆಗಣ್ಣಲ್ಲಿ ಅದನ್ನು ಎತ್ತುವಾಗ, ಜಾರಲು ಶುರುವಾದ ಕ್ಷಣದಲ್ಲೇ ಬೆರಳಿನ ಚರ್ಮಕ್ಕೆ ಗೊತ್ತಾಗುತ್ತದೆ. ನೀವು ಯೋಚಿಸುವ ಮೊದಲೇ ಹಿಡಿತ ಬಿಗಿಯಾಗುತ್ತದೆ. ಅಂಥ ಚರ್ಮ, ಅಂಥ ಹಿಡಿತ ಇರುವ ಕೈ, ವರ್ಷಗಟ್ಟಲೆ ಕೆಡದೆ ದುಡಿಯುವ ಕೈ, ಅದನ್ನು ಮಾಡುವುದು ಇನ್ನೂ ಮುಗಿಯದ ಕೆಲಸ. ಕಾರ್ಖಾನೆಯಲ್ಲಿ ನಾವು ಈ ತೊಂದರೆಯನ್ನು ಅಡ್ಡದಾರಿಯಿಂದ ದಾಟುತ್ತೇವೆ. ಬೆರಳೇ ಬೇಡ ಅಂತ ಗಾಳಿ ಎಳೆಯುವ ರಬ್ಬರ್ ಕಪ್ ಹಾಕುತ್ತೇವೆ. ಆದರೆ ಆ ಕಪ್‌ಗೆ ಎತ್ತಿಡುವುದು ಬಿಟ್ಟರೆ ಬೇರೆ ಏನೂ ಬರುವುದಿಲ್ಲ.

ನಡಿಗೆಯ ಕಥೆಯೂ ಇದೇ. ಹೋಂಡಾ ಕಂಪನಿ 2000ದಲ್ಲಿ ಅಸಿಮೋ ಅನ್ನುವ ನಡೆಯುವ ರೋಬೋಟ್ ತೋರಿಸಿತು. ಜಗತ್ತೇ ಬೆರಗಾಯಿತು. ಅದು ಒಂದು ಸಲ ಚಾರ್ಜ್ ಮಾಡಿದರೆ ಒಂದು ಗಂಟೆ ನಡೆಯುವುದೂ ಕಷ್ಟವಿತ್ತು. 2006ರಲ್ಲಿ ಜಪಾನಿನಲ್ಲಿ ಜನರ ಮುಂದೆ ಮೆಟ್ಟಿಲು ಹತ್ತುವಾಗ ಬಿತ್ತು. 2022ರಲ್ಲಿ ಹೋಂಡಾ ಅದರ ಪ್ರದರ್ಶನ ನಿಲ್ಲಿಸಿತು. 2015ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಒಂದು ದೊಡ್ಡ ಸ್ಪರ್ಧೆ ಮಾಡಿತು. ಫುಕುಶಿಮಾದಂಥ ಅಣುಸ್ಥಾವರದ ಅವಘಡದಲ್ಲಿ ಮನುಷ್ಯರ ಬದಲು ಒಳಗೆ ಹೋಗಬಲ್ಲ ರೋಬೋಟ್ ಬೇಕು ಅನ್ನುವುದು ಉದ್ದೇಶ. ಬಾಗಿಲು ತೆರೆಯಬೇಕು, ವಾಲ್ವ್ ತಿರುಗಿಸಬೇಕು, ಮೆಟ್ಟಿಲು ಹತ್ತಬೇಕು, ಹೀಗೆ 8 ಕೆಲಸ. ಒಳ್ಳೊಳ್ಳೆ ಸಂಸ್ಥೆಗಳ ರೋಬೋಟ್‌ಗಳು ಬಾಗಿಲ ಹಿಡಿ ಹಿಡಿಯಲು ಹೋಗಿ ಧೊಪ್ಪನೆ ಬಿದ್ದವು. ಗೆದ್ದದ್ದು ದಕ್ಷಿಣ ಕೊರಿಯಾದ ಹ್ಯೂಬೋ. ಅದರ ಜಾಣತನ ಏನು ಗೊತ್ತಾ? ಮೊಣಕಾಲಿಗೆ ಚಕ್ರ ಇತ್ತು. ನಡೆಯುವುದು ಅನಿವಾರ್ಯ ಅಲ್ಲದ ಕಡೆಯೆಲ್ಲ ಮಂಡಿಯೂರಿ ಉರುಳಿಕೊಂಡು ಹೋಯಿತು. ಬೀಳುವ ಪ್ರಶ್ನೆಯೇ ಇಲ್ಲ. ನನಗೆ ಆ ಮಂಡಿಯೂರಿದ ರೋಬೋಟ್ ಬಗ್ಗೆ ಚಿಟ್ಟಿಗಿಂತ ಜಾಸ್ತಿ ಪ್ರೀತಿ. ಎಂಜಿನಿಯರ್ ಬುದ್ಧಿ ಅಂದರೆ ಅದು.

ಆಮೇಲೆ ಬಹಳ ಸುಧಾರಣೆ ಆಗಿದೆ. ಈಗಿನ ರೋಬೋಟ್‌ಗಳು ಓಡುತ್ತವೆ, ಪಲ್ಟಿ ಹೊಡೆಯುತ್ತವೆ, ಕೆಲವು ಕಂಪನಿಗಳು ಕಾರ್ಖಾನೆಯೊಳಗೆ ಪರೀಕ್ಷೆ ಮಾಡುತ್ತಿವೆ. ವೇಗವಾಗಿ ಬದಲಾಗುತ್ತಿರುವ ವಿಷಯ ಇದು. ಆದರೂ ಬ್ಯಾಟರಿ ಅವುಗಳ ಕಾಲು ಹಿಡಿದೆಳೆಯುತ್ತಿದೆ. ಒಂದು ಕಿಲೋ ಒಳ್ಳೆಯ ಲಿಥಿಯಂ ಸೆಲ್‌ನಲ್ಲಿ ಸುಮಾರು 250 ವ್ಯಾಟ್-ಅವರ್ ಶಕ್ತಿ ಹಿಡಿಸುತ್ತದೆ. ಅಷ್ಟೇ ತೂಕದ ಪೆಟ್ರೋಲಿನಲ್ಲಿ ಸುಮಾರು 12,000. ಬ್ಯಾಟರಿ ಜಾಸ್ತಿ ಹಾಕೋಣ ಅಂದರೆ ತೂಕ ಏರುತ್ತದೆ, ತೂಕ ಏರಿದರೆ ಮೋಟಾರ್ ದೊಡ್ಡದು ಬೇಕು, ಮೋಟಾರ್ ದೊಡ್ಡದಾದರೆ ಬ್ಯಾಟರಿ ಸಾಲದು. ಚಿಟ್ಟಿಗೂ ಚಾರ್ಜ್ ಬೇಕು ಅಂತ ತೋರಿಸಿದ್ದಾರಲ್ಲ, ಆ ಭಾಗ ಮಾತ್ರ ನಿಜಕ್ಕೆ ಹತ್ತಿರ.

'ಸ್ಪೀಡ್ ಒನ್ ಟೆರಾಹರ್ಟ್ಸ್, ಮೆಮೊರಿ ಒನ್ ಜೆಟಾಬೈಟ್' ಅಂತ ಚಿಟ್ಟಿ ಹೇಳಿಕೊಳ್ಳುವುದನ್ನು ಮಗ ದಿನಾ ಹೇಳುತ್ತಿರಬೇಕು. ಲೆಕ್ಕ ಹಾಕಿಸಿ. ಈಗಿನ ಕಂಪ್ಯೂಟರ್ 3ರಿಂದ 5 ಗಿಗಾಹರ್ಟ್ಸ್. ಟೆರಾ ಅಂದರೆ 1,000 ಗಿಗಾ. ಚಿಪ್ ವಿಪರೀತ ಬಿಸಿಯಾಗುವ ಕಾರಣಕ್ಕೆ ಈ ವೇಗ ಸುಮಾರು 20 ವರ್ಷದಿಂದ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಒಂದು ಜೆಟಾಬೈಟ್ ಅಂದರೆ 1 ಟೆರಾಬೈಟಿನ ಹಾರ್ಡ್ ಡಿಸ್ಕ್ 100 ಕೋಟಿ ಬೇಕು. ಹಾಗಾಗಿ 2030ರ ಮಾತು ಬಿಡಿ. ಕೆಲವು ಕೆಲಸ ಮಾಡುವ ಮನುಷ್ಯಾಕಾರದ ಯಂತ್ರಗಳು ಅಷ್ಟರಲ್ಲಿ ಅಲ್ಲಲ್ಲಿ ಕಾಣಬಹುದು. ಎಲ್ಲವನ್ನೂ ಬಲ್ಲ, ದಿನವಿಡೀ ನಡೆಯುವ, ಪ್ರೀತಿಸುವ ಚಿಟ್ಟಿ ಬರುವುದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಇಲ್ಲೇ ನಮ್ಮ ಇಸ್ರೋದ ಉದಾಹರಣೆ ಕೊಡಿ. ಗಗನಯಾನಕ್ಕಾಗಿ ಮಾಡಿದ ಹೆಣ್ಣು ರೂಪದ ರೋಬೋಟ್ ವ್ಯೋಮಮಿತ್ರಳನ್ನು 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಮೊದಲ ಸಲ ತೋರಿಸಿದರು. ಅವಳಿಗೆ ಕಾಲಿಲ್ಲ. ತೂಕವೇ ಇಲ್ಲದ ಜಾಗದಲ್ಲಿ ಸೀಟಿನಲ್ಲಿ ಕೂತು ಪ್ಯಾನಲ್ ನೋಡಿಕೊಳ್ಳುವವಳಿಗೆ ಕಾಲು ಯಾಕೆ? ಕೆಲಸ ಏನು ಅಂತ ನೋಡಿ ಆಮೇಲೆ ದೇಹ ಕಟ್ಟಿದ್ದಾರೆ. ಚಿಟ್ಟಿ ಹೆರಿಗೆ ಮಾಡಿಸುವ ದೃಶ್ಯ ಇದೆಯಲ್ಲ, ಆಸ್ಪತ್ರೆಗಳಲ್ಲಿ ಈಗ 'ರೋಬೋಟಿಕ್ ಸರ್ಜರಿ' ಅಂತ ಬೋರ್ಡ್ ಇರುತ್ತದೆ. ಅಲ್ಲಿ ಆ ತೋಳುಗಳನ್ನು ಆಡಿಸುವವರು ಪಕ್ಕದಲ್ಲಿ ಕೂತ ಡಾಕ್ಟರೇ.

ಇನ್ನು ರೋಬೋ ತಿರುಗಿಬೀಳುವ ವಿಚಾರ. ನಿಮ್ಮ ಈ ಪ್ರಶ್ನೆ ನನಗೆ ಇಷ್ಟವಾಯಿತು. ಸಿನಿಮಾದಲ್ಲಿ ಖಳನಾಯಕ ಬೋರಾ ಬಂದು ಕೆಂಪು ಚಿಪ್ ಹಾಕುತ್ತಾನೆ, ಚಿಟ್ಟಿ ಕೆಟ್ಟವನಾಗುತ್ತಾನೆ. ಅದು ಕಥೆ. ಕೆಟ್ಟತನ ಅನ್ನುವುದು ಒಂದು ಚಿಪ್‌ನಲ್ಲಿ ಕೂತಿರುವುದಿಲ್ಲ. ಆದರೆ ಅದೇ ಸಿನಿಮಾದಲ್ಲಿ, ಕೆಂಪು ಚಿಪ್‌ಗೂ ಬಹಳ ಮೊದಲು, ಬೆಂಕಿ ಬಿದ್ದ ಕಟ್ಟಡದ ದೃಶ್ಯ ಬರುತ್ತದೆ. ಜನರನ್ನು ಕಾಪಾಡು ಅಂತ ಚಿಟ್ಟಿಗೆ ಹೇಳಿದ್ದಾರೆ. ಸ್ನಾನ ಮಾಡುತ್ತಿದ್ದ ಹುಡುಗಿಯನ್ನು ಅದು ಹಾಗೇ ಎತ್ತಿಕೊಂಡು ಕ್ಯಾಮೆರಾಗಳ ಮುಂದೆ ತಂದು ನಿಲ್ಲಿಸುತ್ತದೆ. ಅವಮಾನ ತಾಳಲಾರದೆ ಅವಳು ಓಡಿ ವಾಹನಕ್ಕೆ ಸಿಕ್ಕಿ ಸಾಯುತ್ತಾಳೆ. ಚಿಟ್ಟಿಗೆ ಯಾರ ಮೇಲೂ ದ್ವೇಷ ಇರಲಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡಿತು. ಹೇಳದೆ ಉಳಿದದ್ದು ಅದಕ್ಕೆ ಗೊತ್ತಿರಲಿಲ್ಲ. ಇಡೀ ಸಿನಿಮಾದಲ್ಲಿ ವಿಜ್ಞಾನದ ದೃಷ್ಟಿಯಿಂದ ಅತಿ ನಿಜವಾದ ದೃಶ್ಯ ಅದೇ. ಈಗ ಕೃತಕ ಬುದ್ಧಿಮತ್ತೆಯ ಮೇಲೆ ಕೆಲಸ ಮಾಡುವವರು ತಲೆಕೆಡಿಸಿಕೊಂಡಿರುವುದೂ ಈ ಸಮಸ್ಯೆಯ ಮೇಲೆಯೇ: ನಾವು ಬಾಯಿಬಿಟ್ಟು ಹೇಳದೆ ಊಹಿಸಿಕೊಳ್ಳುವ ನೂರು ವಿಷಯಗಳನ್ನು ಯಂತ್ರಕ್ಕೆ ತಿಳಿಸುವುದು ಹೇಗೆ?

ಕಾರ್ಖಾನೆಯಲ್ಲೂ ಹೀಗೇ. 1979ರಲ್ಲಿ ಅಮೆರಿಕದ ಮಿಶಿಗನ್‌ನ ಕಾರು ಕಾರ್ಖಾನೆಯೊಂದರಲ್ಲಿ ಬಿಡಿಭಾಗ ಎತ್ತಿಕೊಡುವ ಯಂತ್ರದ ತೋಳು ಬಡಿದು ಒಬ್ಬ ಕೆಲಸಗಾರ ತೀರಿಕೊಂಡ. ರೋಬೋಟ್‌ನಿಂದ ಆದ ಮೊದಲ ಸಾವು ಅಂತ ಅದನ್ನು ದಾಖಲಿಸಿದ್ದಾರೆ. ಆ ತೋಳಿಗೆ ಅಲ್ಲಿ ಮನುಷ್ಯ ಇದ್ದಾನೆ ಅನ್ನುವುದೇ ಗೊತ್ತಿರಲಿಲ್ಲ. ಅದಕ್ಕೇ ಈಗ ರೋಬೋಟ್ ಸುತ್ತ ಬೇಲಿ ಹಾಕುತ್ತೇವೆ, ಬೇಲಿಯ ಬಾಗಿಲು ತೆರೆದರೆ ಯಂತ್ರ ನಿಲ್ಲುತ್ತದೆ. ಬೇಲಿಯೊಳಗೆ ಹೋಗಿ ಕೆಲಸ ಕಲಿಸುವಾಗ ಕೈಯಲ್ಲಿ ಪೆಂಡೆಂಟ್ ಅನ್ನುವ ಪೆಟ್ಟಿಗೆ ಇರುತ್ತದೆ. ಅದರ ಹಿಂಬದಿಗೆ ಒಂದು ಸ್ವಿಚ್. ಅದನ್ನು ಅರ್ಧ ಒತ್ತಿ ಹಿಡಿದಿದ್ದರೆ ಮಾತ್ರ ತೋಳು ಅಲುಗುತ್ತದೆ, ಅದೂ ಸೆಕೆಂಡಿಗೆ 250 ಮಿಲಿಮೀಟರ್ ಮೀರದ ವೇಗದಲ್ಲಿ. ಕೈಬಿಟ್ಟರೆ ನಿಲ್ಲುತ್ತದೆ. ಗಾಬರಿಯಾಗಿ ಪೂರ್ತಿ ಅದುಮಿದರೂ ನಿಲ್ಲುತ್ತದೆ. ಯಾಕೆಂದರೆ ಹೆದರಿದಾಗ ಕೆಲವರು ಕೈ ಬಿಡುತ್ತಾರೆ, ಕೆಲವರು ಮುಷ್ಟಿ ಬಿಗಿಯುತ್ತಾರೆ. ಯಂತ್ರದ ಒಳ್ಳೆಯತನವನ್ನು ನಂಬಿ ನಾವು ಕೆಲಸ ಮಾಡುವುದಿಲ್ಲ. ಮನುಷ್ಯ ಹೆದರುತ್ತಾನೆ ಅನ್ನುವುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಯಂತ್ರ ಮಾಡುತ್ತೇವೆ.

ಚಿಟ್ಟಿಗೆ ಪ್ರೀತಿ ಹುಟ್ಟುವ ವಿಷಯ ಬೇಗ ಮುಗಿಸುತ್ತೇನೆ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನುವವರು ಎಲೈಜಾ ಎಂಬ ಸಣ್ಣ ಪ್ರೋಗ್ರಾಂ ಬರೆದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದಷ್ಟೇ ಅದರ ಕೆಲಸ. ಆದರೂ ಜನ ಅದರ ಮುಂದೆ ಮನಸ್ಸು ಬಿಚ್ಚಿದರು. ಈಗಿನ ಪ್ರೋಗ್ರಾಂಗಳು ಅದಕ್ಕಿಂತ ಎಷ್ಟೋ ಪಾಲು ಚೆನ್ನಾಗಿ ಮಾತಾಡುತ್ತವೆ. ಮಾತು ಚೆನ್ನಾಗಿದ್ದರೆ ಒಳಗೆ ಮನಸ್ಸಿದೆ ಅಂತ ನಮಗೆ ಅನ್ನಿಸಿಬಿಡುತ್ತದೆ. ಮನೆಯಲ್ಲಿ ಮಾತು ಬಿಟ್ಟ ಹುಡುಗ ಫೋನಿನೊಳಗಿನ ಅಂಥ ಒಂದರ ಜತೆ ಗಂಟೆಗಟ್ಟಲೆ ಮಾತಾಡುತ್ತಿದ್ದರೆ ಗಮನ ಇಡಿ. ಬೈಯಬೇಡಿ, ಪಕ್ಕದಲ್ಲಿ ಕೂತು ಏನು ಕೇಳ್ತಿದ್ದೀಯಾ ಅಂತ ವಿಚಾರಿಸಿ.

ಈಗ ಬೀರುವಿನ ಬೀಗ. ಅದನ್ನು ತೆಗೆಯಿರಿ, ಆದರೆ ಕೆಲವು ಗಟ್ಟಿ ನಿಯಮ ಹಾಕಿ. ಗೋಡೆಯ ಪ್ಲಗ್‌ಗೆ ಹೋಗುವ ಯಾವುದನ್ನೂ ಬಿಚ್ಚುವಂತಿಲ್ಲ. ಚಾರ್ಜರ್, ಎಲ್‌ಇಡಿ ಬಲ್ಬಿನ ಸರ್ಕ್ಯೂಟ್, ಕಂಪ್ಯೂಟರ್ ಪವರ್ ಸಪ್ಲೈ ಇವುಗಳಲ್ಲಿ ಕೆಪಾಸಿಟರ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ 300 ವೋಲ್ಟ್ ಮೇಲ್ಪಟ್ಟು ಉಳಿದಿರಬಹುದು. ಮೈಕ್ರೋವೇವ್ ಓವನ್ ಅಂತೂ ಯಾವ ಕಾರಣಕ್ಕೂ ಮುಟ್ಟಬಾರದು, ಅದರೊಳಗಿನದು ಸಾವಿರಾರು ವೋಲ್ಟ್‌ನ ಮಾತು. ಇದರ ಜತೆಗೆ ಎಲೆಕ್ಟ್ರಿಷಿಯನ್ ಕರೆಸಿ ಮನೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯಾ ನೋಡಿಸಿ, ಇಲ್ಲದಿದ್ದರೆ ಹಾಕಿಸಿ. ಶಾಕ್ ಹೊಡೆದಾಗ ಕರೆಂಟ್ ಕಡಿಯುವುದು ಅದೇ.

ಲಿಥಿಯಂ ಬ್ಯಾಟರಿ ಸದ್ಯಕ್ಕೆ ಬೇಡ. ಅವನ ಕೈಯಲ್ಲಿ ಹೊಗೆ ಬಂದದ್ದಕ್ಕೆ ಕಾರಣ ಹೆಚ್ಚಾಗಿ ಎರಡರಲ್ಲಿ ಒಂದು. ಬೆಸುಗೆಯ ಬಿಸಿ ಸೆಲ್‌ನೊಳಗಿನ ತೆಳುವಾದ ಪದರವನ್ನು ಸುಟ್ಟಿರಬೇಕು, ಇಲ್ಲವೇ ಎರಡು ತುದಿ ಒಂದಕ್ಕೊಂದು ತಾಗಿ ಶಾರ್ಟ್ ಆಗಿರಬೇಕು. ಅವನು ದಡ್ಡತನ ಮಾಡಿದ ಅಂತಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಪೆನ್ಸಿಲ್ ಸೈಜಿನ ರೀಚಾರ್ಜ್ ಆಗುವ ನಿಕಲ್ ಸೆಲ್ ನಾಲ್ಕೋ ಆರೋ ಕೊಡಿಸಿ. ಅದರ ಹೋಲ್ಡರ್ ಸಿಗುತ್ತದೆ, ಬೆಸುಗೆ ಬೇಕಿಲ್ಲ. ಲಿಥಿಯಂಗೆ ಅವನು ಬರುವಷ್ಟರಲ್ಲಿ 4.2 ವೋಲ್ಟ್ ಮೀರಿ ಯಾಕೆ ಚಾರ್ಜ್ ಮಾಡಬಾರದು, 3 ವೋಲ್ಟ್ ಕೆಳಗೆ ಯಾಕೆ ಇಳಿಸಬಾರದು ಅನ್ನುವುದನ್ನು ಅವನೇ ನಿಮಗೆ ವಿವರಿಸುವಂತಿರಬೇಕು. ಅದೇ ಅವನಿಗೆ ಪರೀಕ್ಷೆ ಅಂತ ಇಟ್ಟುಕೊಳ್ಳಿ. ಸೆಲ್ ಯಾವುದೇ ಇರಲಿ, ರಾತ್ರಿ ಎಲ್ಲರೂ ಮಲಗಿದಾಗ ಚಾರ್ಜ್‌ಗೆ ಬಿಡುವಂತಿಲ್ಲ, ಹಾಸಿಗೆ ಮೇಲೆ ಇಡುವಂತಿಲ್ಲ.

30 ಸಾವಿರದ ಕ್ಲಾಸು ಸೇರಿಸುವ ಮೊದಲು ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಾ ಕೇಳಿ. 6ರಿಂದ 12ನೇ ತರಗತಿ ಮಕ್ಕಳಿಗಾಗಿ ಕೇಂದ್ರ ಸರ್ಕಾರ ಕೊಡುವ ಅನುದಾನದಿಂದ ಬಹಳ ಶಾಲೆಗಳಲ್ಲಿ ಈ ಲ್ಯಾಬ್ ಆಗಿದೆ. ಕೆಲವು ಕಡೆ ಬೀಗ ಹಾಕಿಯೇ ಇರುತ್ತದೆ, ಪೋಷಕರು ಕೇಳಿದರೆ ತೆರೆಯುತ್ತಾರೆ. ಸೆಂಟರ್‌ಗೆ ಹೋದರೆ ಒಂದು ತರಗತಿ ಪೂರ್ತಿ ಕೂತು ನೋಡಿ. ಮಕ್ಕಳು ಚಿತ್ರ ನೋಡಿ ಪ್ಲಾಸ್ಟಿಕ್ ತುಂಡು ಜೋಡಿಸಿ, ಗಂಟೆ ಮುಗಿದ ಮೇಲೆ ಬಿಚ್ಚಿ ಡಬ್ಬಿಗೆ ಹಾಕಿ ಹೋಗುತ್ತಾರಾ? ಹಾಗಿದ್ದರೆ ಆ ದುಡ್ಡು ದಂಡ. ಮಾಡಿದ್ದು ಕೆಲಸ ಮಾಡದೆ ಇದ್ದಾಗ ಮೇಷ್ಟ್ರು ತಾವೇ ಸರಿಮಾಡಿ ಕೊಡುತ್ತಾರಾ, ಯಾಕೆ ಆಗಲಿಲ್ಲ ಅಂತ ಮಗುವಿನಿಂದಲೇ ಹುಡುಕಿಸುತ್ತಾರಾ ಅನ್ನುವುದನ್ನು ಗಮನಿಸಿ. ಎರಡನೇ ಥರದ ಮೇಷ್ಟ್ರು ಸಿಕ್ಕಿದರೆ ಸೇರಿಸಿ, ದುಡ್ಡಿಗೆ ಮೋಸವಿಲ್ಲ.

ಇದ್ಯಾವುದೂ ಆಗದಿದ್ದರೂ ಚಿಂತೆಯಿಲ್ಲ. ಪ್ರೋಗ್ರಾಂ ಹಾಕಬಹುದಾದ ಪುಟ್ಟ ಆರ್ಡುಯಿನೋ ಬೋರ್ಡ್ ಒಂದು, ಎರಡು ಸಣ್ಣ ಮೋಟಾರ್, ಅವನ್ನು ನಡೆಸುವ ಮೋಟಾರ್ ಡ್ರೈವರ್, ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ನಾಲ್ಕು ಸರ್ವೋ ಮೋಟಾರ್, ಇಷ್ಟೆಲ್ಲ ಸೇರಿ ಎರಡು ಎರಡೂವರೆ ಸಾವಿರದೊಳಗೆ ಬರುತ್ತದೆ. ಆನ್‌ಲೈನ್‌ನಲ್ಲೂ ಸಿಗುತ್ತದೆ. ಬೆಂಗಳೂರಿಗೆ ಬರುವುದಿದ್ದರೆ ಎಸ್‌ಪಿ ರೋಡಿಗೆ ಅವನನ್ನೇ ಕರೆದುಕೊಂಡು ಹೋಗಿ ಚೀಟಿ ಅವನ ಕೈಯಲ್ಲೇ ಕೊಡಿ. ಅದೇ ದಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಕೂಡ ನೋಡಬಹುದು. ಈ ಸಾಮಾನಿನಲ್ಲಿ ಮೊದಲು ಗೋಡೆ ಸಿಕ್ಕಿದರೆ ತಿರುಗುವ ಗಾಡಿ ಮಾಡಲಿ. ಅದು ಮೊದಲ ಸಲ ಓಡುವುದಿಲ್ಲ. ಒಂದು ಚಕ್ರ ಹಿಂದಕ್ಕೆ ತಿರುಗುತ್ತದೆ, ಸೆನ್ಸರ್ ಪರದೆಯನ್ನು ಗೋಡೆ ಅಂದುಕೊಳ್ಳುವುದಿಲ್ಲ. ಆ ಜಗಳದಲ್ಲಿ ಅವನು ಕಲಿಯುವುದು ಜಾಸ್ತಿ. ಕೆಲವು ವಾರ ಆದ ಮೇಲೂ ಅವನಿಗೆ ಅದು ಸಾಕೆನ್ನಿಸದೆ ಇದ್ದರೆ ಇದು ಬರೀ ಅಭಿಮಾನಿಯ ಹುಚ್ಚಲ್ಲ ಅಂತ ತಿಳಿಯಿರಿ. ಬೇಸರ ಬಂದು ಬಿಟ್ಟರೂ ನಷ್ಟವಿಲ್ಲ. ಅವನಿಗೆ ಇಷ್ಟವಾದದ್ದು ಬಹುಶಃ ಗ್ರಾಫಿಕ್ಸ್, ಕಥೆ, ಇಲ್ಲವೇ ರಜನಿಕಾಂತ್. ಅವೂ ಒಳ್ಳೆಯ ಇಷ್ಟಗಳೇ. ಆ ಸಿನಿಮಾಕ್ಕೆ ಸಂಭಾಷಣೆ ಬರೆದವರಲ್ಲಿ ಒಬ್ಬರಾದ ಸುಜಾತಾ ಅವರು ನಮ್ಮ ಬೆಂಗಳೂರಿನ ಬಿಇಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು. ಮತ ಹಾಕುವ ಯಂತ್ರ ರೂಪಿಸಿದ ತಂಡದಲ್ಲಿ ಕೆಲಸ ಮಾಡಿದವರು. ನಿಜ ಹೆಸರು ರಂಗರಾಜನ್. ಹಗಲು ಸರ್ಕ್ಯೂಟ್, ಬಿಡುವಿನಲ್ಲಿ ವಿಜ್ಞಾನ ಕಥೆ. ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ.

ಪಿಯುಸಿಯೋ ಡಿಪ್ಲೊಮಾವೋ ಅನ್ನುವ ನಿಮ್ಮಿಬ್ಬರ ವಾದದಲ್ಲಿ ನಾನು ಒಬ್ಬರನ್ನು ಗೆಲ್ಲಿಸಲಾರೆ. ಎರಡೂ ದಾರಿಯಲ್ಲಿ ಬಂದ ಒಳ್ಳೆಯ ಹುಡುಗರನ್ನು ನೋಡಿದ್ದೇನೆ. ಎಸ್ಸೆಸ್ಸೆಲ್ಸಿ ನಂತರ 3 ವರ್ಷದ ಡಿಪ್ಲೊಮಾ ಮಾಡಿದರೆ ಕೈಗೆ ಕೆಲಸ ಬೇಗ ಬರುತ್ತದೆ. ಸರ್ಕಾರಿ ಟೂಲ್ ರೂಮ್, ಅಂದರೆ ಜಿಟಿಟಿಸಿಯಲ್ಲಿ ಮೆಕಾಟ್ರಾನಿಕ್ಸ್ ಇದೆ, ಅಲ್ಲಿಂದ ಬಂದ ಹುಡುಗರು ಲೇತ್ ಮುಂದೆ ನಿಂತರೆ ಪದವೀಧರರು ಪಕ್ಕಕ್ಕೆ ಸರಿಯಬೇಕು. ಮುಂದೆ ಡಿಪ್ಲೊಮಾ ಮಕ್ಕಳ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಬಹುದು. ತೊಂದರೆ ಬರುವುದು ಅಲ್ಲೇ. ಆ ಮಕ್ಕಳಿಗೆ ಗಣಿತ ಕೈಕೊಡುತ್ತದೆ, ಮೂರನೇ ಸೆಮಿಸ್ಟರ್‌ನಲ್ಲಿ ಒದ್ದಾಡುತ್ತಾರೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಗಟ್ಟಿಯಾಗುತ್ತದೆ, ಮುಂದೆ ಸಂಶೋಧನೆಗೆ ಹೋಗುವುದಿದ್ದರೆ ಆ ದಾರಿ ವಾಸಿ. ಆದರೆ ಎರಡು ವರ್ಷ ಕೋಚಿಂಗ್ ಅಂತ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂರಿಸಿದರೆ ಸ್ಕ್ರೂಡ್ರೈವರ್ ಮುಟ್ಟುವ ಆಸೆಯೇ ಸತ್ತುಹೋದ ಮಕ್ಕಳನ್ನೂ ಕಂಡಿದ್ದೇನೆ. ಬಿಇಗೆ ಬಂದಾಗ 'ರೋಬೋಟಿಕ್ಸ್' ಅನ್ನುವ ಹೆಸರಿಗೆ ಮಾತ್ರ ಮರುಳಾಗಬೇಡಿ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಮೂರರಲ್ಲಿ ಯಾವುದರಿಂದಲೂ ಈ ಕೆಲಸಕ್ಕೆ ಬರಬಹುದು. ಕಾಲೇಜಿನ ಲ್ಯಾಬ್‌ಗೆ ಹೋಗಿ ಯಂತ್ರದ ಮೇಲೆ ಧೂಳು ಇದೆಯಾ ನೋಡಿ.

ಸದ್ಯಕ್ಕೆ ತೀರ್ಮಾನ ಬೇಡ, ಇನ್ನೂ ಸಮಯವಿದೆ. ಅವನ ಗಣಿತ ಹೇಗಿದೆ ಅನ್ನುವುದರಿಂದ ದಾರಿ ತಾನೇ ಗೊತ್ತಾಗುತ್ತದೆ. ಓದಿ ಏನು ಪ್ರಯೋಜನ ಅಂತ ಕೇಳಿದನಲ್ಲ, ಅವನಿಗೆ ನನ್ನ ಕಡೆಯಿಂದ ಒಂದು ಲೆಕ್ಕ ಕೊಡಿ. 10ನೇ ತರಗತಿಯ ತ್ರಿಕೋನಮಿತಿ ಇದಕ್ಕೆ ಸಾಕು. ರೋಬೋಟ್‌ನ ಭುಜದಿಂದ ಮೊಣಕೈವರೆಗೆ 10 ಸೆಂಟಿಮೀಟರ್, ಮೊಣಕೈಯಿಂದ ಮಣಿಕಟ್ಟಿಗೆ 8 ಸೆಂಟಿಮೀಟರ್. ಭುಜ ಮೇಜಿನ ಮಟ್ಟದಲ್ಲೇ ಇದೆ. ಮೊದಲ ತುಂಡು ಮೇಜಿನಿಂದ 30 ಡಿಗ್ರಿ ಮೇಲಕ್ಕೆದ್ದಿದೆ, ಎರಡನೆಯದು ಮೇಜಿನ ಲೆಕ್ಕದಲ್ಲಿ 60 ಡಿಗ್ರಿ. ಮಣಿಕಟ್ಟು ಭುಜದಿಂದ ಎಷ್ಟು ಮುಂದೆ ಇದೆ, ಮೇಜಿನಿಂದ ಎಷ್ಟು ಮೇಲಿದೆ? ಸೈನ್, ಕೊಸೈನ್ ಹಾಕಿ ತೆಗೆಯಲಿ. ಆಮೇಲೆ ರಟ್ಟು ಕತ್ತರಿಸಿ, ಗುಂಡುಸೂಜಿ ಚುಚ್ಚಿ, ಅಳೆದು ನೋಡಲಿ. ಅದು ತಾಳೆಯಾದರೆ ತಿರುಗಿಸಿ ಕೇಳಿ: ಲೋಟ ಮುಂದಕ್ಕೆ 12 ಸೆಂಟಿಮೀಟರ್, ಮೇಲಕ್ಕೆ 9 ಸೆಂಟಿಮೀಟರ್ ಜಾಗದಲ್ಲಿದೆ, ಮಣಿಕಟ್ಟು ಅಲ್ಲಿಗೆ ಬರಬೇಕಾದರೆ ಎರಡೂ ಕೋನ ಎಷ್ಟಿರಬೇಕು? ಕಾರ್ಖಾನೆಯ ರೋಬೋಟ್ ಪ್ರತಿ ಕ್ಷಣ ಮಾಡುವ ಲೆಕ್ಕ ಇದೇ. ಇದಕ್ಕೆ ಎರಡು ಉತ್ತರ ಇವೆ. ಎರಡನ್ನೂ ಹುಡುಕಿದರೆ ನನಗೆ ಬರೆದು ಕಳಿಸಲಿ, ಖಂಡಿತ ಉತ್ತರಿಸುತ್ತೇನೆ.